ಬಾವಿ ನೀರಿಗೆ ಒರಟಾದ ಕೂದಲಿಗೆ ಅಡುಗೆಮನೆಯಲ್ಲಿ ಮದ್ದುಂಟೇ?

ಪ್ರಶ್ನೆ: ನಮ್ಮದು ಕಾರವಾರ, ಸಮುದ್ರಕ್ಕೆ ಹತ್ತಿರದ ಮನೆ. ಬಾವಿ ನೀರಲ್ಲಿ ತಲೆ ಮಿಂದರೆ ಕೂದಲು ತೆಂಗಿನ ನಾರಾಗುತ್ತದೆ. ಬಾಳೆಹಣ್ಣು, ಮೊಟ್ಟೆ, ಮೊಸರು ಎಲ್ಲ ಹಚ್ಚಿ ನೋಡಿ ಆಯಿತು. ಅಂಗಡಿಯ ಕಂಡೀಶನರ್ ಬದಲು ಮನೆಯಲ್ಲೇ ಮಾಡಿಕೊಳ್ಳಲು ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು?

ಉತ್ತರ: ದಾಸವಾಳದ ಸೊಪ್ಪಿನ ಗಂಪು, ಎಂದರೆ ಎಲೆ ಕಿವುಚಿ ತೆಗೆದ ಲೋಳೆ. ಅದು ಹಿತ್ತಲಿನದು, ಅಡುಗೆಮನೆಯದಲ್ಲ ಎಂದು ತಕರಾರು ತೆಗೆದರೆ, ಮೆಂತೆ.

ಕೂದಲಿಗೆ ಊಟ ಹಾಕಬೇಕೆಂಬ ಲೆಕ್ಕದಲ್ಲಿ ನಾವು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ತಲೆಗೆ ಮೆತ್ತುತ್ತೇವೆ. ಬುಡದಿಂದ ಹೊರಬಂದ ಎಳೆಗೆ ಜೀವವೇ ಇಲ್ಲ. ಮೊಟ್ಟೆಯ ಪ್ರೋಟೀನಿನ ಕಣಗಳಂತೂ ಅದರೊಳಗೆ ನುಗ್ಗಲಾರದಷ್ಟು ದೊಡ್ಡವು. ಎಳೆಯ ಹೊರಮೈ ನಮ್ಮ ಹಂಚಿನ ಮಾಡಿನ ಹಾಗಿದೆ, ಒಂದರ ಮೇಲೊಂದು ಹೊದಿಸಿದ ಪದರಗಳು. ಹಂಚು ಎದ್ದಲ್ಲೆಲ್ಲ ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಅದರ ಮೇಲೊಂದು ಜಾರುವ ಪೊರೆ ಹಾಸುವುದೇ ಕಂಡೀಶನರಿನ ಮುಖ್ಯ ಕೆಲಸ. ಹಾಗಾಗಿ ಯಾವ ಸಾಮಾನು ಕೈಗೆತ್ತಿಕೊಂಡರೂ ಕೇಳಬೇಕಾದ್ದು ಎರಡೇ: ಜಾರುತ್ತದೆಯೇ? ನೀರು ಹೊಯ್ದರೆ ಬಿಟ್ಟುಹೋಗುತ್ತದೆಯೇ? ಬಾಳೆಹಣ್ಣು ಎರಡನೆಯದಕ್ಕೇ ಸೋಲುತ್ತದೆ. ಒಂದು ಮದುವೆಯ ಹಿಂದಿನ ದಿನ ಹಚ್ಚಿಕೊಂಡು, ಮದುವೆಮನೆಯಲ್ಲೂ ಹಣಿಗೆಯಿಂದ ಚೂರು ಆರಿಸುತ್ತ ಕೂತವಳು ನಾನು. ಮೊಟ್ಟೆಯದ್ದು ಬೇರೆ ಕಥೆ: ಬಿಸಿನೀರು ತಾಗಿದರೆ ತಲೆಯ ಮೇಲೇ ಬೇಯುತ್ತದೆ.

ಗಂಪು ಎರಡರಲ್ಲೂ ಗೆಲ್ಲುತ್ತದೆ. ನಮ್ಮ ಅಮ್ಮಮ್ಮ ಮಾಡುತ್ತಿದ್ದ ಕ್ರಮ ಹೀಗೆ: ಇಪ್ಪತ್ತು ಇಪ್ಪತ್ತೈದು ಬಲಿತ ಎಲೆ ತೊಳೆದು, ಎರಡು ಲೋಟ ತಣ್ಣೀರಿನಲ್ಲಿ ಕೈಯಿಂದಲೇ ಕಿವುಚುವುದು. ಐದಾರು ನಿಮಿಷಕ್ಕೆ ನೀರು ಲೋಳೆಯಾಗಿ ಬೆರಳಿಂದ ನೂಲಿನ ಹಾಗೆ ಇಳಿಯುತ್ತದೆ. ಮಿಕ್ಸರಿಗೆ ಹಾಕಿದರೆ ಬೇಗ ಆಗುತ್ತದೆ, ಸರಿ. ಆದರೆ ಎಲೆ ಪುಡಿಪುಡಿಯಾಗಿ ಸೋಸುವುದು ರಗಳೆ. ಹಳೇ ಪಂಚೆಯ ತುಂಡಿನಲ್ಲಿ ಹಿಂಡಿ. ತಲೆ ತೊಳೆದ ಮೇಲೆ ಕೂದಲಿನ ನಡುವಿಂದ ತುದಿಯವರೆಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಅಗಲ ಹಲ್ಲಿನ ಹಣಿಗೆಯಲ್ಲಿ ಸಿಕ್ಕು ಬಿಡಿಸಿ, ಆಮೇಲೆ ನೀರು ಹೊಯ್ದುಕೊಳ್ಳಿ.

ಮೆಂತೆಯಾದರೆ ಎರಡು ಚಮಚ, ರಾತ್ರಿ ನೆನೆಹಾಕಿ. ಬೆಳಗ್ಗೆ ನುಣ್ಣಗೆ ರುಬ್ಬಿ, ನೀರು ಸೇರಿಸಿ ತೆಳ್ಳೇವಿನ (ತೆಳು ದೋಸೆಯ) ಹಿಟ್ಟಿನ ಹದಕ್ಕೆ ತಂದು, ಸೋಸಿಯೇ ಹಚ್ಚಬೇಕು. ವಾಸನೆ ಒಂದು ದಿನ ಬಿಡುವುದಿಲ್ಲ, ಮನೆಯವರಿಗೆ ತಂಬುಳಿ ನೆನಪಾದರೆ ಆಗಲಿ.

ಇನ್ನು ತೆಂಗಿನೆಣ್ಣೆ. ಅದರ ಹೆಚ್ಚುಗಾರಿಕೆ ಬೇರೆ. ಅದರಲ್ಲಿ ಅರ್ಧದಷ್ಟು ಇರುವ ಲಾರಿಕ್ ಎಂಬ ಕೊಬ್ಬಿನ ಆಮ್ಲದ ಕಣ ಸಣ್ಣದು, ನೇರವಾದದ್ದು, ಎಳೆಯೊಳಗೆ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳ ಜೊತೆ ಹೋಲಿಸಿ ನೋಡಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆಯೊಂದೇ. ದೀಪಾವಳಿಯ ಅಭ್ಯಂಜನದ ಕ್ರಮವೇ ಸರಿ: ಮೊದಲು ಎಣ್ಣೆ, ಆಮೇಲೆ ಮೀಯುವುದು. ತಲೆಯಲ್ಲಿ ಹೊಟ್ಟು ಇದ್ದವರು ಮಾತ್ರ ಬುಡಕ್ಕೆ ತಿಕ್ಕಬೇಡಿ, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ತುದಿಗಷ್ಟೇ ಸಾಕು.

ನಿಮ್ಮ ಬಾವಿಯ ವಿಷಯಕ್ಕೆ ಬರುತ್ತೇನೆ. ಸಾಬೂನು ನೊರೆ ಬಾರದೆ ಮೊಸರೊಡೆದ ಹಾಗೆ ಆಗುತ್ತದೆಯೇ? ಹಾಗಿದ್ದರೆ ಅದು ಗಡಸು ನೀರು. ಅದರ ಸುಣ್ಣದಂಶ ಸಾಬೂನಿನ ಜೊತೆ ಸೇರಿ ಕೂದಲಿಗೆ ಅಂಟುತ್ತದೆ, ಆ ಒರಟುತನ ಗಂಪಿನಿಂದ ಪೂರ್ತಿ ಹೋಗುವುದಿಲ್ಲ. ತಲೆಗೆ ಸಾಬೂನು ಬಿಡಿ, ಸೀಗೆ ಅಥವಾ ಶಾಂಪೂ ಇರಲಿ. ತೊಳೆದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಲಿಂಬೆರಸ ಹಾಕಿ ಕೂದಲಿಗೆ ಹೊಯ್ದು, ಆಮೇಲೆ ಗಂಪು ಹಚ್ಚಿ. ಲಿಂಬೆಯನ್ನು ನೇರವಾಗಿ ನೆತ್ತಿಗೆ ಉಜ್ಜಿದರೆ ಚರ್ಮ ಉರಿಯುತ್ತದೆ. ನೀರು ಬರೀ ಉಪ್ಪಾಗಿದ್ದರೆ ಲಿಂಬೆಯಿಂದ ಏನೂ ಆಗದು. ಮಳೆಗಾಲದಲ್ಲಿ ಮಾಡಿನ ನೀರು ಹಿಡಿದು ಕೊನೆಯ ಎರಡು ಚೊಂಬು ಅದನ್ನೇ ಹೊಯ್ದುಕೊಳ್ಳಿ.

ಉಳಿದ ಗಂಪನ್ನು ಬಾಟಲಿಗೆ ತುಂಬಿಡುವ ಆಸೆ ಬೇಡ. ಕೆಡದಂತೆ ಕಾಯುವಂಥದ್ದು ಅದರಲ್ಲಿ ಏನೂ ಇಲ್ಲ, ಮರುದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ. ದಾಸವಾಳದ ಬುಡಕ್ಕೇ ಸುರಿದುಬಿಡಿ.