ದನ ದಾಟಬಾರದು, ಜನ ದಾಟಬೇಕು

ಹೋದ ಮಳೆಗಾಲದಲ್ಲಿ ಸಾಗರದ ಕಡೆಯ ಒಬ್ಬ ಅಕ್ಕ ಬೆಳಿಗ್ಗೆ ಬೆಳಿಗ್ಗೆನೇ ಫೋನ್ ಮಾಡಿದರು. ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವವರು. ಅವರ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. "ತಮ್ಮಾ, ಒಂದೇ ರಾತ್ರಿಗೆ ಮುನ್ನೂರು ಜನ ಸೈಟಲ್ಲಿ ಹೆಸರು ಬರೆಸಿದಾರೆ ಮಾರಾಯ! ಈ ಮಳೇಲಿ ಅಷ್ಟು ಮಿಡಿ ಎಲ್ಲಿಂದ ತರೋದು?" ಎಂದರು.

ಶಿವಮೊಗ್ಗದ ನನ್ನ ಆಫೀಸಿಗೆ ಹೋಗಿ ಪಟ್ಟಿ ತೆಗೆದೆ. ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು, ಕೆಲವದರಲ್ಲಿ ಲಿಂಕು. ಎಲ್ಲ ಬಾಟ್‌ಗಳ, ಅಂದರೆ ತಾವಾಗೇ ಸೈಟು ಸುತ್ತಿ ಫಾರಂ ತುಂಬುವ ಪ್ರೋಗ್ರಾಂಗಳ ಕೆಲಸ.

ಬಾಟ್‌ಗೆ ಉಪ್ಪಿನಕಾಯಿ ಯಾಕೆ? ಬೇಡ. ಅದಕ್ಕೆ ಬೇಕಾದದ್ದು ನಮ್ಮ ಸೈಟು ಕಳಿಸುವ ಸ್ವಾಗತದ ಮೇಲ್. ಇಮೇಲ್ ಜಾಗದಲ್ಲಿ ಯಾರದೋ ವಿಳಾಸ ತುಂಬುತ್ತದೆ. ಹೆಸರಿನ ಜಾಗದಲ್ಲಿ "ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ" ಅಂತ ಲಿಂಕು ಹಾಕುತ್ತದೆ. ನಮ್ಮ ಸೈಟು ಪಾಪ, "ನಮಸ್ಕಾರ" ಎಂದು ಶುರುಮಾಡಿ ಆ ಹೆಸರನ್ನೇ ಸೇರಿಸಿ ಮೇಲ್ ಕಳಿಸುತ್ತದೆ. ಕಳ್ಳಮೇಲ್ ಹೋಗುವುದು ಅಕ್ಕನ ಅಂಗಡಿಯ ಹೆಸರಲ್ಲಿ! ಹೀಗೆ ಕೆಲವು ದಿನ ನಡೆದರೆ, ನಿಜವಾದ ಆರ್ಡರಿನ ಮೇಲ್‌ಗಳೂ ಗಿರಾಕಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತವೆ. ಅಕ್ಕನಿಗೆ ಆಗಿದ್ದೂ ಅದೇ.

ಹಾಗಾಗಿ ನಾನು ಮೊದಲು ಮುಟ್ಟಿದ್ದು ಆ ಮೇಲನ್ನು. ಅದರಲ್ಲಿ ಹೆಸರು ಹಾಕುವುದನ್ನೇ ಬಿಟ್ಟೆ. ಹೆಸರಿನಲ್ಲಿ ವೆಬ್ ವಿಳಾಸ ಇದ್ದರೆ ಫಾರಂ ಒಪ್ಪದ ಹಾಗೆ ಮಾಡಿದೆ. ಇಲ್ಲಿ ಜಾಸ್ತಿ ಬಿಗಿ ಮಾಡಬೇಡಿ. ನಮ್ಮವರ ಹೆಸರಿನಲ್ಲಿ ಇನಿಶಿಯಲ್ ಇರುತ್ತದೆ, ಚುಕ್ಕಿ ಇರುತ್ತದೆ, ಕನ್ನಡದಲ್ಲೇ ಬರೆಯುವವರೂ ಇದ್ದಾರೆ. ಇಂಗ್ಲಿಷ್ ಅಕ್ಷರ ಮಾತ್ರ ಒಪ್ಪುವ ಫಾರಂ ನೋಡಿದರೆ ನನಗೆ ಮೈ ಉರಿಯುತ್ತದೆ.

ಮಲೆನಾಡಿನ ತೋಟದ ಬೇಲಿಗೆ ತಡಬೆ ಇರುತ್ತದಲ್ವಾ, ಜನ ಕಾಲೆತ್ತಿ ದಾಟುತ್ತಾರೆ, ದನಕ್ಕೆ ಆಗುವುದಿಲ್ಲ. ಬಂದವರು ಮನುಷ್ಯರೋ ಬಾಟೋ ಎಂದು ನೋಡುವ ಒಗಟು, ಕ್ಯಾಪ್ಚಾ ಅಂದರೂ ಅಷ್ಟೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲೂಯಿಸ್ ವಾನ್ ಆನ್ ಮತ್ತು ಸಂಗಡಿಗರು ಅದಕ್ಕೆ ಆ ಹೆಸರಿಟ್ಟರು. ಮುಂದೆ ಬಂದ ರೀಕ್ಯಾಪ್ಚಾವನ್ನು 2009ರಲ್ಲಿ ಗೂಗಲ್ ಕೊಂಡಿತು. ಆದರೆ "ಫೈರ್ ಹೈಡ್ರೆಂಟ್ ಇರುವ ಚಿತ್ರಗಳನ್ನು ಆರಿಸಿ" ಎಂದರೆ ಹೊಸನಗರದ ಅಜ್ಜಿ ಏನು ಮಾಡಬೇಕು? ಬೆಂಕಿ ಆರಿಸಲು ನೀರು ಕೊಡುವ ಆ ಕೊಳಾಯಿ ನಮ್ಮ ರಸ್ತೆಯಲ್ಲಿ ಎಲ್ಲಿದೆ? ಅತ್ತ, ಚಿಲ್ಲರೆ ಕಾಸಿಗೆ ಮನುಷ್ಯರಿಂದಲೇ ಕ್ಯಾಪ್ಚಾ ಬಿಡಿಸಿ ಕೊಡುವ ದಂಧೆಯೂ ಇದೆ. ದನ ದಾಟಿತು, ಅಜ್ಜಿ ಆಚೆಯೇ ಉಳಿದರು.

ನನಗೆ ಇಷ್ಟವಾದದ್ದು ಹನಿಪಾಟ್. ಫಾರಂನಲ್ಲಿ ಒಂದು ಖಾಲಿ ಜಾಗ ಇಟ್ಟು, ಜನರ ಕಣ್ಣಿಗೆ ಕಾಣದ ಹಾಗೆ ಮರೆ ಮಾಡುವುದು. ಬಾಟ್ ಪುಟವನ್ನು ನೋಡುವುದಿಲ್ಲ, ಕೋಡ್ ಓದುತ್ತದೆ. ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ. ಆ ಜಾಗ ತುಂಬಿತ್ತೋ, ನೋಂದಣಿ ಬಿಸಾಕಿ. ಮೊದಲ ಸಲ ನಾನು ಆ ಜಾಗಕ್ಕೆ "ಫೋನ್ 2" ಅಂತ ಹೆಸರಿಟ್ಟು ಕೆಟ್ಟೆ. ಬ್ರೌಸರ್ ತಾನಾಗೇ ಅಲ್ಲಿ ನಂಬರ್ ತುಂಬಿಬಿಡುತ್ತಿತ್ತು, ನಿಜವಾದ ಗಿರಾಕಿಗಳೂ ಬಲೆಗೆ ಬಿದ್ದರು. ಈಗ ಬ್ರೌಸರಿಗೆ ಗುರುತು ಸಿಗದ ಹೆಸರು ಇಡುತ್ತೇನೆ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅದನ್ನು ಓದದಂತೆಯೂ ಗುರುತು ಹಾಕುತ್ತೇನೆ. ಜೊತೆಗೆ ಪುಟ ತೆರೆದ ಹೊತ್ತನ್ನು ಸರ್ವರ್ ಬರೆದಿಟ್ಟುಕೊಳ್ಳುತ್ತದೆ. ಮೂರು ಸೆಕೆಂಡಿನಲ್ಲಿ ಫಾರಂ ತುಂಬಿ ಕಳಿಸುವವರು ಹೆಚ್ಚಾಗಿ ಮನುಷ್ಯರಲ್ಲ.

ಇನ್ನೊಂದು, ಊರಿನ ಪ್ರಶ್ನೆ. "ಅಪ್ಪೆಮಿಡಿ ಯಾವ ಮರದ ಕಾಯಿ?" ಅಂತ ಅಕ್ಕನ ಫಾರಂನಲ್ಲಿ ಕೇಳಿದೆ. ಎಐಗೆ ಇದು ಕಷ್ಟವಲ್ಲ ಬಿಡಿ. ಆದರೆ ಸಾವಿರ ಸೈಟು ಸುತ್ತುವ ಸಾದಾ ಬಾಟ್ ಒಂದು ಉಪ್ಪಿನಕಾಯಿ ಅಂಗಡಿಗಾಗಿ ಅಷ್ಟು ಕಷ್ಟಪಡುವುದಿಲ್ಲ. ಮಾವು, ಮಾವಿನಕಾಯಿ, ಮಾವಿನ ಮರ, ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದರೂ ಒಪ್ಪುವ ಹಾಗಿರಲಿ.

ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ನಂಬರು ನೋಡಿ ಬಾಗಿಲು ಹಾಕುವವರಿದ್ದಾರೆ. ನಾನು ಹುಷಾರಾಗಿರುತ್ತೇನೆ. ಮೊಬೈಲ್ ನೆಟ್‌ವರ್ಕಿನಲ್ಲಿ ಎಷ್ಟೋ ಜನ ಒಂದೇ ಐಪಿಯ ಹಿಂದೆ ಇರುತ್ತಾರೆ. ಒಂದನ್ನು ಮುಚ್ಚಿದರೆ ಸಾಚಾ ಜನರಿಗೂ ದಾರಿ ಬಂದ್. ಒಟಿಪಿ ಇನ್ನೂ ತಾಪತ್ರಯ. ಗುಡ್ಡ ಹತ್ತಿ ಸಿಗ್ನಲ್ ಹುಡುಕುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಅದಕ್ಕಿಂತ ಇಮೇಲಿಗೆ ಒಂದು ದಿನ ಬಾಳುವ ಲಿಂಕು ಕಳಿಸುವುದು ಮೇಲು. ಒತ್ತದವರ ಖಾತೆ ವಾರದಲ್ಲಿ ತಾನಾಗೇ ಅಳಿಯಲಿ.

ಇಷ್ಟೆಲ್ಲ ಮಾಡಿದ ಮೇಲೆ ಅಕ್ಕ ಒಂದು ಮಾತು ಕೇಳಿದರು. "ಅಲ್ಲ ತಮ್ಮಾ, ಉಪ್ಪಿನಕಾಯಿ ತಗೊಳಕ್ಕೆ ಹೆಸರು ಬರೆಸಬೇಕು ಅಂತ ಯಾಕೆ ಇಟ್ಟಿದೀಯ?" ನನ್ನ ಬಳಿ ಉತ್ತರ ಇರಲಿಲ್ಲ. ಸೈಟು ಕಟ್ಟಲು ಬಳಸಿದ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಂದಾಯಿಸಬಹುದು ಎಂಬ ಗುರುತನ್ನು ಸುಮ್ನೆ ಹಾಕಿಟ್ಟಿದ್ದೆ. ತೆಗೆದೆ. ಈಗ ಫೋನ್ ನಂಬರು, ವಿಳಾಸ ಕೊಟ್ಟರೆ ಆರ್ಡರ್ ಆಯಿತು. ಪ್ರಶ್ನೆ, ಹನಿಪಾಟ್ ಎರಡನ್ನೂ ಆ ಆರ್ಡರ್ ಫಾರಂಗೆ ಸಾಗಿಸಿದೆ.

ಹಳೆಯ ಮುನ್ನೂರು ಖಾತೆ ಅಳಿಸುವ ಮುಂಚೆ ಒಂದೊಂದಾಗಿ ನೋಡಿದೆ. ಅದರೊಳಗೆ ಇಬ್ಬರು ನಿಜವಾದ ಗಿರಾಕಿಗಳಿದ್ದರು. ಒಬ್ಬರು ಎರಡು ಕೆಜಿ ಜೀರಿಗೆ ಮಿಡಿ ಕೇಳಿ ಹದಿನೈದು ದಿನದಿಂದ ಕಾಯುತ್ತಿದ್ದರು.