ಶೋನಿಬಾರೆ ಶಿಲ್ಪಗಳು ತೊಟ್ಟ ಬಟ್ಟೆ ಎಲ್ಲಿಯದು?

ಪ್ರಶ್ನೆ: ಬ್ರಿಟಿಷ್-ನೈಜೀರಿಯನ್ ಕಲಾವಿದ ಯಿಂಕಾ ಶೋನಿಬಾರೆ ತಮ್ಮ ಶಿಲ್ಪಗಳಿಗೆ ಯಾವಾಗಲೂ ಆಫ್ರಿಕಾದ ಸಾಂಪ್ರದಾಯಿಕ ಬಟ್ಟೆಯನ್ನೇ ಯಾಕೆ ತೊಡಿಸುತ್ತಾರೆ? ತಮ್ಮ ಮೂಲ ತೋರಿಸಲಿಕ್ಕಾ?

ವಸಾಹತುಶಾಹಿ ಮತ್ತು ಇಂದಿನ ಕಲೆಯ ಮಾತು ಬಂದಾಗಲೆಲ್ಲ ಇದನ್ನು ಯಾರಾದರೂ ಕೇಳೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ. ಹಾಗಾಗಿ ಮೊದಲು ಪ್ರಶ್ನೆಯನ್ನೇ ತಿದ್ದುತ್ತೇನೆ. ಅದು ಆಫ್ರಿಕಾದ ಸಾಂಪ್ರದಾಯಿಕ ಬಟ್ಟೆ ಅಲ್ಲ.

ಅದರ ಹುಟ್ಟು ಜಾವಾದ ಬಾಟಿಕ್‌ನಲ್ಲಿದೆ. ಬಟ್ಟೆಯ ಮೇಲೆ ಮೇಣದಲ್ಲಿ ಚಿತ್ತಾರ ಬರೆದು ಬಣ್ಣದಲ್ಲಿ ಅದ್ದುತ್ತಾರೆ, ನೋಡಿರುತ್ತೀರಿ ಅಲ್ವಾ? ಜಾವಾ ಆಗ ಡಚ್ಚರ ಕೈಯಲ್ಲಿತ್ತು. 19ನೇ ಶತಮಾನದಲ್ಲಿ ಅವರು ಅದನ್ನೇ ಯಂತ್ರದಲ್ಲಿ ಅಗ್ಗವಾಗಿ ಮಾಡಿ ಜಾವಾದವರಿಗೇ ಮಾರಲು ಹೊರಟರು. ಯಂತ್ರದಲ್ಲಿ ಮೇಣದ ಬದಲು ಹಚ್ಚಿದ ರಾಳ ಬಿರುಕು ಬಿಡುತ್ತಿತ್ತು. ಬಿರುಕಿನೊಳಗೆ ಬಣ್ಣ ಇಳಿದು ಅಡ್ಡಾದಿಡ್ಡಿ ಗೆರೆ ಮೂಡುತ್ತಿತ್ತು. ಜಾವಾದವರಿಗೆ ಅದು ಹಿಡಿಸಲಿಲ್ಲ. ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ, ಅಂದರೆ ಇಂದಿನ ಘಾನಾ ಕಡೆ, ಜನ ಇಷ್ಟಪಟ್ಟು ಕೊಂಡರು. ನೆದರ್ಲೆಂಡ್ಸ್‌ನ ಹೆಲ್ಮಂಡ್ ಊರಿನಲ್ಲಿ 1846ರಲ್ಲಿ ಶುರುವಾದ ವ್ಲಿಸ್ಕೋ ಕಂಪನಿ ಇವತ್ತಿಗೂ ಈ ಬಟ್ಟೆ ಮಾಡುತ್ತದೆ. ಮ್ಯಾಂಚೆಸ್ಟರ್ ಕಡೆಯ ಗಿರಣಿಗಳೂ ಮಾಡಿದವು.

ಶೋನಿಬಾರೆ ಹುಟ್ಟಿದ್ದು 1962ರಲ್ಲಿ ಲಂಡನ್ನಿನಲ್ಲಿ, ಬೆಳೆದದ್ದು ನೈಜೀರಿಯಾದ ಲಾಗೋಸ್‌ನಲ್ಲಿ. ಲಂಡನ್ನಿನ ಕಲಾ ಶಾಲೆಯಲ್ಲಿ ಅವರು ಸೋವಿಯತ್ ರಷ್ಯಾದ ಪೆರೆಸ್ತ್ರೋಯಿಕಾ, ಅಂದರೆ ಗೋರ್ಬಚೇವ್ ಕಾಲದ ಸುಧಾರಣೆಗಳ ಬಗ್ಗೆ ಕೃತಿ ಮಾಡುತ್ತಿದ್ದಾಗ ಮೇಷ್ಟ್ರು ಒಬ್ಬರು, ಅಪ್ಪಟ ಆಫ್ರಿಕನ್ ಕಲೆ ಯಾಕೆ ಮಾಡುವುದಿಲ್ಲ ಅಂತ ಕೇಳಿದರಂತೆ. ಅಪ್ಪಟ ಅಂದರೆ ಯಾವುದು? ಅದನ್ನು ಹುಡುಕುತ್ತಾ ಅವರು ಹೋದದ್ದು ಲಂಡನ್ನಿನದೇ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ. ಅಲ್ಲಿ ಸಿಕ್ಕ 'ಆಫ್ರಿಕನ್' ಬಟ್ಟೆಯ ಕಥೆ ಮೇಲೆ ಹೇಳಿದ್ದೇ. ಸಾಮ್ರಾಜ್ಯಗಳು ಓಡಾಡಿದ ದಾರಿಯೆಲ್ಲ ಆ ಒಂದು ತುಂಡಿನಲ್ಲಿದೆ. ಅದಕ್ಕೇ ಅವರು ಅದನ್ನು ಆರಿಸಿಕೊಂಡರು.

2003ರ 'ಸ್ಕ್ರಾಂಬಲ್ ಫಾರ್ ಆಫ್ರಿಕಾ' ನೋಡಿ. ಆಫ್ರಿಕಾದ ನಕ್ಷೆ ಇರುವ ಮೇಜಿನ ಸುತ್ತ 14 ಗಂಡಸರು. ಯಾರಿಗೂ ತಲೆ ಇಲ್ಲ. ಕೋಟಿನ ಹೊಲಿಗೆ ವಿಕ್ಟೋರಿಯಾ ಕಾಲದ್ದು, ಬಟ್ಟೆ ಮಾತ್ರ ಇದೇ. ಇದರ ಹಿಂದಿರುವುದು 1884-85ರ ಬರ್ಲಿನ್ ಸಮ್ಮೇಳನ, ನೆನಪಿದೆಯಲ್ಲ? ಯುರೋಪಿನ ದೇಶಗಳು ಆಫ್ರಿಕಾವನ್ನು ಹಂಚಿಕೊಳ್ಳುವ ನಿಯಮ ಬರೆದ ಆ ಸಭೆಯಲ್ಲಿ ಒಬ್ಬ ಆಫ್ರಿಕನ್ ಅರಸನಿಗೂ ಜಾಗ ಇರಲಿಲ್ಲ. ಈ ಕೃತಿಯನ್ನು ಬೇರುಗಳ ಹುಡುಕಾಟ ಅಂದುಬಿಟ್ಟರೆ ಅದರೊಳಗಿನ ಸಿಟ್ಟೇ ಕಾಣುವುದಿಲ್ಲ.

ಹಾಗಾದರೆ ಆಫ್ರಿಕಾದವರು ಯುರೋಪಿನ ಸರಕನ್ನು ಸುಮ್ನೆ ಕೊಂಡು ಉಟ್ಟರಾ? ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಟೋಗೋದ ಲೋಮೆಯ ವ್ಯಾಪಾರಿ ಹೆಂಗಸರು ಯಾವ ಚಿತ್ತಾರ ಓಡುತ್ತದೆ ಅಂತ ಕಂಪನಿಗೇ ಹೇಳುತ್ತಿದ್ದರು, ಮಾದರಿಗಳಿಗೆ ಹೆಸರಿಡುತ್ತಿದ್ದರು. ಅವರು ಮರ್ಸಿಡಿಸ್ ಬೆಂಜ್ ಕೊಳ್ಳುವಷ್ಟು ದುಡಿದು 'ನಾನಾ ಬೆಂಜ್' ಅಂತಲೇ ಹೆಸರಾದರು. ನೈಜೀರಿಯಾದ ಕಲಬರಿ ಜನರಿಗೆ ನಮ್ಮ ಮದ್ರಾಸಿನ ಚೌಕಳಿ ಬಟ್ಟೆ ಪ್ರಾಣ. ಅಲ್ಲಿನ ಹೆಂಗಸರು ಅದರಿಂದ ಬೇಕಾದ ಎಳೆಗಳನ್ನಷ್ಟೇ ಕತ್ತರಿಸಿ ತೆಗೆದು, ಅದೇ ಬಟ್ಟೆಯಲ್ಲಿ ಬೇರೆಯದೇ ವಿನ್ಯಾಸ ಮೂಡಿಸುತ್ತಾರೆ. ಶೋನಿಬಾರೆ ಬಗ್ಗೆ ಪಾಠ ಮಾಡುವವರು ಈ ಹೆಂಗಸರ ಕೆಲಸವನ್ನೂ ದಯವಿಟ್ಟು ಮಕ್ಕಳಿಗೆ ತೋರಿಸಿ.