ಹಳೇ ಗಾಡಿಗೆ ಜಿಪಿಎಸ್ ಹಾಕಿದ್ರ ಬ್ಯಾಟ್ರಿ ಉಳೀತೈತೇನ್ರಿ?

ಪ್ರಶ್ನೆ: ಅಣ್ಣಾರ, ನಂದು 2003ರ ಸ್ಪ್ಲೆಂಡರ್ ಐತ್ರಿ, ಮನ್ಯಾಗ ಅಪ್ಪಾರ ಕಾಲದ ರಾಜದೂತ್ ಒಂದೈತಿ. ಎರಡಕ್ಕೂ ಮ್ಯಾಪ್ ನೋಡಾಕ ಜಿಪಿಎಸ್ ಹಾಕ್ಬೇಕಂತ ಮಾಡೀನಿ. ಯಾವ ಕಂಪನೀದು ತಗೊಳ್ಳಿ? ಬ್ಯಾಟ್ರಿ ಕುಂತುಬಿಡ್ತೈತಿ ಅಂತ ಎಲ್ಲಾರೂ ಹೆದರಸ್ತಾರ, ಖರೇನಾ?

ಇದ ಪ್ರಶ್ನೆ ನನಗ ತಿಂಗಳಿಗೆ ನಾಕೈದು ಮಂದಿ ಕೇಳ್ತಾರ, ಅದರಾಗೂ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯವರ ಜಾಸ್ತಿ. ಯಾಕ ಅನ್ನೋದು ನನಗ ಗೊತ್ತೈತಿ. ತುಂಗಭದ್ರಾ ಎಡದಂಡೆ ಕಾಲುವೆ ಏರಿಯಾದಾಗ ರಾತ್ರಿ ಗಾಡಿ ಹೊಡದವ್ರಿಗೆ ಗೊತ್ತು, ಎತ್ತ ನೋಡಿದ್ರೂ ಭತ್ತದ ಗದ್ದಿ, ಒಂದರ ಹಿಂದ ಒಂದು ಕ್ಯಾಂಪ್ (ಸಣ್ಣ ಊರು), ಎಲ್ಲಾ ಕ್ರಾಸೂ ಒಂದ ಥರ, ಬೋರ್ಡ್ ಇದ್ರ ಪುಣ್ಯ, ಕೇಳಾಕ ಒಬ್ಬ ಮನಶ್ಯಾ ಸಿಗಂಗಿಲ್ಲ.

ಕಂಪನಿ ಮಾತು ಆಮ್ಯಾಲ. ಮೊದ್ಲ ನಿಮ್ಮ ಗಾಡಿ 6 ವೋಲ್ಟಿಂದೋ 12 ವೋಲ್ಟಿಂದೋ ಅಂತ ತಿಳ್ಕೋರಿ, ಕೆಲಸ ಕೆಡೋದ ಇಲ್ಲೆ. ಸ್ಪ್ಲೆಂಡರ್ 12 ವೋಲ್ಟ್. ರಾಜದೂತ್, ಹಳೇ ಜಾವಾ, ಹಳೇ ಬುಲೆಟ್ ಇವೆಲ್ಲಾ 6 ವೋಲ್ಟಿನ ಗಾಡಿ. ನಡುವ ಯಾರರ 12ಕ್ಕ ಕನ್ವರ್ಟ್ ಮಾಡಿಸಿರ್ತಾರ, ಅದಕ್ಕ ಆರ್‌ಸಿ ನೋಡಿ ಅಂದಾಜ ಮಾಡಬ್ಯಾಡ್ರಿ, ಬ್ಯಾಟ್ರಿ ಮ್ಯಾಲ ಬರದಿರ್ತೈತಿ ನೋಡ್ರಿ, ಮುಚ್ಚಳ ಲೆಕ್ಕ ಹಾಕಿದ್ರೂ ಆತು, ಮೂರಿದ್ರ 6, ಆರಿದ್ರ 12.

ನಮ್ಮ ಮಾವನ ರಾಜದೂತಿಗೆ ನಾನ ಕೈಯಾರೆ ಚಾರ್ಜರ್ ಕೂರಿಸಿದ್ದೆ. ಅಂಗಡ್ಯಾಗ ಬೈಕ್ ಚಾರ್ಜರ್ ಅಂತ ಕೇಳಿದ್ರ ಕೊಡೋದು 12 ವೋಲ್ಟಿಂದು, ಅದನ್ನ ತಂದು ಹಾಕಿದೆ. ಕನಕಗಿರಿ ಕಡೆ ಹೊಂಟಾಗ ರೇಸ್ ಕೊಟ್ರ ಫೋನು ಚಾರ್ಜ್ ಹಿಡಿಯೋದು, ಸ್ಲೋ ಆದ್ರ ಬಿಡೋದು, ಹಿಂಗ ಟುಂಯ್ ಟುಂಯ್ ಅನ್ಕೋತ ಅರ್ಧ ದಾರ್ಯಾಗ ಫೋನ ಸತ್ತೋತು. ಮನಿಗೆ ಬಂದು ಮಲ್ಟಿಮೀಟರ್ ಹಚ್ಚಿ ನೋಡಿದ್ರ ಬಂದ್ ಇದ್ದಾಗ 6.2 ತೋರಸ್ತು, ಐಡ್ಲಿಂಗ್‌ನ್ಯಾಗ ಹೆಡ್‌ಲೈಟ್ ಹಾಕಿದ ಕೂಡ್ಲೆ 5.4ಕ್ಕ ಇಳೀತು. ಫೋನಿಗೆ ಬೇಕಾಗಿದ್ದು 5 ವೋಲ್ಟ್. ಸಾದಾ ಚಾರ್ಜರ್ ಒಳಗಿರೋ ಸರ್ಕ್ಯೂಟು ವೋಲ್ಟೇಜ್ ಇಳಸ್ತೈತಿ ಅಷ್ಟ, ಏರಸಂಗಿಲ್ಲ, ಇಳಸಾಕೂ ಅದಕ್ಕ ಮ್ಯಾಲೊಂದೀಟು ವೋಲ್ಟೇಜ್ ಹೆಚ್ಚಿಗಿ ಬೇಕು. 5.4 ಕೊಟ್ರ ಅದರ ಕೈಲಿ ಪೂರಾ 5 ಕೊಡಾಕ ಆಗಂಗಿಲ್ಲ. ಹಂಗಾಗಿ 6 ವೋಲ್ಟ್ ಗಾಡಿಗೆ ಬಕ್-ಬೂಸ್ಟ್ ಕನ್ವರ್ಟರ್ ಅಂತ ಕೇಳಿ ತಗೋರಿ, ಅದು ಇಳಸೋದೂ ಮಾಡ್ತೈತಿ, ಏರಸೋದೂ ಮಾಡ್ತೈತಿ. ಅದನ್ನ ಹಾಕಿದ ಮ್ಯಾಲ ಮಾವನ ಗಾಡ್ಯಾಗ ಆ ತ್ರಾಸ ಮತ್ತ ಬಂದಿಲ್ಲ. ವೈರಿಂಗ್ ತಲಿಬ್ಯಾನಿ ಬ್ಯಾಡ ಅಂದ್ರ ರಾಜದೂತಿಗೆ ಒಂದು ಪವರ್ ಬ್ಯಾಂಕ್ ಟ್ಯಾಂಕ್ ಬ್ಯಾಗಿನ್ಯಾಗ ಇಟ್ಕೊಂಡು ಹೋಗ್ರಿ, ಅದ್ರಾಗ ಏನೂ ತಪ್ಪಿಲ್ಲ, ನಾನಂತೂ ಹಳೇ ಗಾಡಿಯವ್ರಿಗೆ ಅದನ್ನ ಮೊದ್ಲ ಹೇಳ್ತೀನಿ.

ಇನ್ನ ಸ್ಪ್ಲೆಂಡರ್. ಕಿಕ್ ಸ್ಟಾರ್ಟ್ ಸ್ಪ್ಲೆಂಡರಿನ ಬ್ಯಾಟ್ರಿ ಬರೇ 2.5 ಆಂಪಿಯರ್ ಅವರ್. 5 ವೋಲ್ಟ್ 2 ಆಂಪಿನ ಚಾರ್ಜರ್ ಫುಲ್ ಎಳದ್ರ 10 ವ್ಯಾಟ್, ಅಂದ್ರ ಬ್ಯಾಟ್ರಿ ಕಡೆಯಿಂದ ಸುಮಾರು 1 ಆಂಪ್. ಗಾಡಿ ಚಾಲೂ ಇದ್ರ ಎಂಜಿನ್ನಿನ ಒಳಗ ಕರೆಂಟ್ ಹುಟ್ಟಸೋ ಮ್ಯಾಗ್ನೆಟ್ ಕಾಯಿಲ್ ಬ್ಯಾಟ್ರಿ ತುಂಬಸ್ಕೋತ ಇರ್ತೈತಿ, ಹೆದರೋದ ಬ್ಯಾಡ. ಗಾಡಿ ಬಂದ್ ಮಾಡಿ ಚಾ ಕುಡ್ಕೋತ ಎರಡು ತಾಸು ಕುಂತ್ರ ಮಾತ್ರ ಬ್ಯಾಟ್ರಿ ಖಾಲಿ ಆಗಾಕ ಬರ್ತೈತಿ, ಹಾರನ್ನು ಕುಂಯ್ ಅಂತೈತಿ, ಇಂಡಿಕೇಟರ್ ಮಿಣುಕಂಗಿಲ್ಲ. ಜನ ಹೆದರಸೋದು ಇದನ್ನ ನೋಡಿ, ಅವರ ಮಾತು ಸುಳ್ಳಲ್ಲ, ಆದ್ರ ತಪ್ಪು ಜಿಪಿಎಸ್‌ದಲ್ಲ, ಚಾರ್ಜರಿಗೆ ಡೈರೆಕ್ಟ್ ಬ್ಯಾಟ್ರಿಯಿಂದ ಲೈನ್ ಕೊಟ್ಟಿದ್ದು. ಚಾವಿ ಆನ್ ಮಾಡಿದ್ರ ಮಾತ್ರ ಕರೆಂಟ್ ಬರೋ ವೈರಿಂದ ತಗೋಬೇಕು.

ಆ ವೈರ್ ಯಾವುದು ಅಂದ್ರ, ಇಲ್ಲೆ ಭಾಳ ಮಂದಿ ಎಡವ್ತಾರ. ಹೀರೋ ಹೋಂಡಾ ಗಾಡ್ಯಾಗ ಹಸಿರು ಅಂದ್ರ ಅರ್ತ್ (ಮೈನಸ್), ಕೆಂಪು ಬ್ಯಾಟ್ರಿ ಪ್ಲಸ್, ಕಪ್ಪು ಅಂದ್ರ ಚಾವಿ ಆನ್ ಆದ ಮ್ಯಾಲ ಬರೋ ಪ್ಲಸ್. ಚಾರ್ಜರಿನ ಕಪ್ಪು ವೈರು ಮೈನಸ್ ಇರ್ತೈತಲಾ, ಕಪ್ಪಿಗೆ ಕಪ್ಪು ಅಂತ ಜೋಡಿಸಿದ್ರ ಉಲ್ಟಾ ಆಗಿ ಚಾರ್ಜರ್ ಸುಟ್ಟೋಗ್ತೈತಿ ಇಲ್ಲಾ ಫ್ಯೂಸ್ ಹಾರ್ತೈತಿ. ಮತ್ತ ಕಪ್ಪಿನ ಮ್ಯಾಲ ಬಿಳಿ ಗೆರಿ, ಕೆಂಪು ಗೆರಿ ಇರೋ ವೈರಿಗೆ ಕೈ ಹಚ್ಚಬ್ಯಾಡ್ರಿ, ಅವು ಇಗ್ನಿಷನ್ ಲೈನು. ಇಪ್ಪತ್ತು ವರ್ಷದ ಗಾಡ್ಯಾಗ ಎಷ್ಟು ಮೆಕ್ಯಾನಿಕ್‌ ಕೈ ಆಡಿರ್ತೈತೋ ಏನೋ, ಬಣ್ಣ ನಂಬೋಕಿಂತ ಮುಂಚೆ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡ್ರಿ, ಚಾವಿ ಆಫ್ ಮಾಡಿದ್ರ ಬಲ್ಬ್ ಆರಬೇಕು. ಹೆಡ್‌ಲೈಟ್ ಲೈನಿಗಂತೂ ಹಾಕಲೇಬ್ಯಾಡ್ರಿ, ಹಳೇ ಸ್ಪ್ಲೆಂಡರಿನ ಹೆಡ್‌ಲೈಟಿಗೆ ಬರೋದು ಎಸಿ, ಚಾರ್ಜರಿಗೆ ಬೇಕಾಗಿದ್ದು ಡಿಸಿ. ಪ್ಲಸ್ ಲೈನಿನ್ಯಾಗ ವೈರ್ ಶುರುವಾಗೋ ಹತ್ರಾನ 2 ಆಂಪಿನ ಫ್ಯೂಸ್ ಹಾಕ್ರಿ.

ಚಾರ್ಜರ್ ಜೋಡಸೋಕಿಂತ ಮೊದ್ಲ 12 ವೋಲ್ಟ್ ಗಾಡಿಗೆ ಇನ್ನೊಂದು ಚೆಕ್ ಐತಿ. ಗಾಡಿ ಚಾಲೂ ಮಾಡಿ ರೇಸ್ ಕೊಟ್ಟು ಬ್ಯಾಟ್ರಿಗೆ ಮೀಟರ್ ಹಿಡೀರಿ, 14, 14.5 ಬಂದ್ರ ಆರೋಗ್ಯ. 16 ದಾಟ್ತು ಅಂದ್ರ ವೋಲ್ಟೇಜ್ ಹಿಡತದಾಗ ಇಡೋ ರೆಕ್ಟಿಫೈಯರ್ ಹೋಗೇತಿ, ಅದನ್ನ ಬದ್ಲಿಸದ ಫೋನ್ ಹಚ್ಚಬ್ಯಾಡ್ರಿ.

ಈಗ ಕಂಪನಿ ಮಾತು. ಬ್ಯಾರೆ ಜಿಪಿಎಸ್ ಡಿವೈಸ್ ತಗೋಳೋದೇನೂ ಕಡ್ಡಾಯ ಅಲ್ಲ, ನಿಮ್ಮ ಫೋನಿನ್ಯಾಗ ರಿಸೀವರ್ ಐತಿ. ಸುಮಾರು 20,200 ಕಿಲೋಮೀಟರ್ ಮ್ಯಾಲಿರೋ ಸ್ಯಾಟಲೈಟ್‌ಗಳ ಸಿಗ್ನಲ್ ಹಿಡಿತೈತಿ, ಕನಿಷ್ಠ ನಾಕು ಸಿಕ್ರ ಜಾಗ ಹೇಳ್ತೈತಿ, ಅದಕ್ಕ ಸಿಮ್ಮೂ ಬ್ಯಾಡ ನೆಟ್ಟೂ ಬ್ಯಾಡ. ನೆಟ್ ಬೇಕಾಗೋದು ಮ್ಯಾಪ್ ಚಿತ್ರಕ್ಕ, ಅದಕ್ಕ ಮನಿ ವೈಫೈನ್ಯಾಗ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ಆಫ್‌ಲೈನ್ ಇಳಿಸಿಟ್ಕೋರಿ. ಜಿಪಿಎಸ್ ಥರದ್ದ ನಮ್ಮ ಇಸ್ರೋದ ನಾವಿಕ್‌ನೂ ಹೊಸ ಫೋನ್ ಸುಮಾರು ಹಿಡಿತಾವ, ಅದರ ಮೊದಲ ಸ್ಯಾಟಲೈಟ್ 2013ರ ಜುಲೈನ್ಯಾಗ ಹಾರಿದ್ದು. ಬ್ಯಾರೆ ಡಿವೈಸಿಗೆ ರೊಕ್ಕ ಹಾಕೋದು ಒಂದ ಕಾರಣಕ್ಕ ಸರಿ, ಬಿಸಿಲು. ರಾಯಚೂರಿನ ಮೇ ತಿಂಗಳು 40 ದಾಟಿದಾಗ ಹ್ಯಾಂಡಲ್ ಮ್ಯಾಲಿನ ಫೋನು ಕಾದು ಸ್ಕ್ರೀನ್ ಮಂಕಾಗಿ ಬಂದ್ ಆಗ್ತೈತಿ, ಚಾರ್ಜಿಗೆ ಹಾಕಿದ್ರ ಇನ್ನೂ ಲಗೂನ. ನಾನು ಮಧ್ಯಾಹ್ನ ಸ್ಕ್ರೀನ್ ಆಫ್ ಮಾಡಿ ಜೇಬಿನ್ಯಾಗಿಟ್ಟು ಕಿವಿಯೊಳಗ ದಾರಿ ಕೇಳ್ಕೋತ ಹೋಗ್ತೀನಿ, ಒಂದ ಕಿವಿಗೆ ಅಷ್ಟ.

ಹಳೇ ಗಾಡಿ ನಡುಗೋದೂ ಜಾಸ್ತಿ. ಬೈಕ್ ಎಂಜಿನ್ನಿನ ವೈಬ್ರೇಷನ್ನಿಗೆ ಫೋನ್ ಕ್ಯಾಮೆರಾ ಕೆಡಬಹುದು ಅಂತ ಆ್ಯಪಲ್ ಕಂಪನಿನ 2021ರಾಗ ಹೇಳೇತಿ. ಹೋಲ್ಡರ್ ಕ್ಲಾಂಪ್ ಒಳಗ ಹಳೇ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿ ಬಿಗೀರಿ, ಜಾರಂಗಿಲ್ಲ, ನಡುಗೋದೂ ಒಂದೀಟು ಕಮ್ಮಿ. ಚಲೋ ಫೋನ್ ಇದ್ರ ರಬ್ಬರ್ ಡ್ಯಾಂಪರ್ ಇರೋ ಹೋಲ್ಡರ್ ತಗೋರಿ. ಗಾಡಿ ಹೊಡ್ಕೋತ ಫೋನ್ ಕೈಯಾಗ ಹಿಡ್ಕೊಂಡು ದಾರಿ ನೋಡೋದು ಬ್ಯಾಡ, ಎಷ್ಟು ಅರ್ಜೆಂಟ್ ಇದ್ರೂ ಬ್ಯಾಡ.

ಎಲ್ಲಾ ಮುಗದ ಮ್ಯಾಲ ಗಾಡಿ ಸ್ಟ್ಯಾಂಡ್ ಹಾಕಿ ಚಾಲೂ ಇಟ್ಟು, ಹ್ಯಾಂಡಲ್ ಎಡಕ್ಕ ಪೂರಾ, ಬಲಕ್ಕ ಪೂರಾ ತಿರಗಸ್ರಿ, ಹತ್ತು ಸಲ. ಟ್ಯಾಂಕ್ ಮುಂದ, ಹ್ಯಾಂಡಲ್ ತಿರುಗೋ ಜಾಗದಾಗ ವೈರು ಬಿಗಿ ಆಗಿದ್ರ ಒಂದು ತಿಂಗಳಿಗೆ ಒಳಗೊಳಗ ಕತ್ತರಿಸಿ ಬಾಡಿಗೆ ಶಾರ್ಟ್ ಆಗ್ತೈತಿ. ಅಲ್ಲಿ ಒಂದು ಗೇಣು ವೈರ್ ಸಡಲ ಬಿಟ್ಟು ಟೈ ಹಾಕ್ರಿ. ಹತ್ತೂ ಸಲ ಫೋನಿನ ಚಾರ್ಜ್ ಗುರುತು ಒಮ್ಮೆನೂ ಆರದಿದ್ರ ಸೀಟ್ ಹಾಕಿ ನಟ್ ಬಿಗೀರಿ.